ಹಕ್ಕಲು ಆಯ್ದ ವಿದ್ಯುತ್ತು: ಸೆಲ್ ಇಲ್ಲದ ರೇಡಿಯೊದಿಂದ ಟೋಲ್ ಗೇಟಿನವರೆಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ಒಪ್ಪಿಕೊಂಡೆ. ಶಾಲೆ ಹುಟ್ಟಿದ ಬಗೆ, ಜಾಗ ಕೊಟ್ಟವರು, ಕಲ್ಲು ಮಣ್ಣು ಹೊತ್ತವರು, ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಂಚಿಕೆಯಲ್ಲಿ ಬರೆಯುತ್ತಾರೆ. ನಾನು ವಿಜ್ಞಾನದ ಕೊಠಡಿಯ ಬೀರುವಿನಲ್ಲಿದ್ದ ಒಂದು ಮರದ ಪೆಟ್ಟಿಗೆಯ ಕಥೆಯಿಂದ ಶುರುಮಾಡಿ, ಅದು ಸೇರಿದ್ದ ದೊಡ್ಡ ಚರಿತ್ರೆಯ ಕಡೆಗೆ ಹೋಗುತ್ತೇನೆ.

1979ರಿಂದ 82ರವರೆಗೆ ನನ್ನ ಜೊತೆ ಓದಿದವರಿಗೆ ಆ ಪೆಟ್ಟಿಗೆ ನೆನಪಿರಬಹುದು. ನಮ್ಮ ವಿಜ್ಞಾನದ ಮೇಷ್ಟ್ರು ಮಾಡಿದ್ದು. ಪೌಡರ್ ಡಬ್ಬಿಯಷ್ಟು ದಪ್ಪದ ರಟ್ಟಿನ ಕೊಳವೆ, ಅದರ ಮೇಲೆ ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ತಂದ ತಾಮ್ರದ ತಂತಿಯ ಸುರುಳಿ, ಹಳೆಯ ರೇಡಿಯೊದಿಂದ ಬಿಚ್ಚಿದ ಗ್ಯಾಂಗ್ ಕಂಡೆನ್ಸರ್, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಗಾಜಿನ ಡಯೋಡ್, ಒಂದು ಹೆಡ್‌ಫೋನ್. ಇಷ್ಟೇ. ಶಾಲೆಯ ಹೆಂಚಿನ ಮಾಡಿನಿಂದ ಹುಣಸೇಮರಕ್ಕೆ ಒಂದು ತಂತಿ ಎಳೆದಿದ್ದರು. ಇನ್ನೊಂದು ತಂತಿ ಬೋರ್‌ವೆಲ್ ಕೈಪಂಪಿನ ಪೈಪಿಗೆ. ಹೆಡ್‌ಫೋನ್ ಕಿವಿಗೆ ಹಚ್ಚಿಕೊಂಡು ಕಂಡೆನ್ಸರ್ ತಿರುಗಿಸಿದರೆ ಭದ್ರಾವತಿ ಆಕಾಶವಾಣಿ ಕೇಳುತ್ತಿತ್ತು. ಸಣ್ಣಗೆ, ದೂರದ ಜಾತ್ರೆಯ ಮೈಕಿನಂತೆ, ಆದರೆ ಸ್ಪಷ್ಟವಾಗಿ.

ತರಗತಿಯಲ್ಲಿ ಯಾರೋ ಕೇಳಿದ್ದರು, "ಸಾರ್, ಇದಕ್ಕೆ ಸೆಲ್ ಎಲ್ಲಿ ಸಾರ್?"

"ಸೆಲ್ ಭದ್ರಾವತೀಲಿದೆ ಕಣೋ. ಅವರೇ ಕಳಿಸ್ತಾರೆ, ನಾವು ಹಿಡ್ಕೋತೀವಿ ಅಷ್ಟೆ" ಅಂದಿದ್ದರು ಮೇಷ್ಟ್ರು.

ಆಗ ಅದನ್ನು ತಮಾಷೆ ಎಂದುಕೊಂಡಿದ್ದೆವು. ಅದು ಅಕ್ಷರಶಃ ಸತ್ಯ ಎಂದು ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು. ಪ್ರಸಾರ ಕೇಂದ್ರದ ಕಂಬದಿಂದ ಕಿಲೋವ್ಯಾಟ್‌ಗಳ ಲೆಕ್ಕದಲ್ಲಿ ಹೊರಟ ಶಕ್ತಿ ಎಲ್ಲ ದಿಕ್ಕಿಗೂ ಹರಡಿ, ನಮ್ಮ ಹುಣಸೇಮರದ ತಂತಿಗೆ ತಾಗುವಾಗ ಅದರಲ್ಲಿ ಉಳಿಯುವುದು ಎಳ್ಳಷ್ಟು. ಒಂದು ವ್ಯಾಟ್ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರೋವ್ಯಾಟ್ ಎನ್ನುತ್ತಾರೆ. ಅಂಥ ಕೆಲವು ಪಾಲು ಸಿಕ್ಕರೂ ಸಾಕು, ಒಳ್ಳೆಯ ಹೆಡ್‌ಫೋನ್ ಮಾತಾಡುತ್ತದೆ. ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ ಬಿದ್ದ ತೆನೆಗಳನ್ನು ಬಡವರು ಆಯ್ದುಕೊಳ್ಳುವುದಕ್ಕೆ ನಮ್ಮಲ್ಲಿ ಹಕ್ಕಲು ಆಯುವುದು ಎನ್ನುತ್ತೇವಲ್ಲ, ಇದೂ ಅದೇ ಕೆಲಸ. ಇಂಗ್ಲಿಷಿನವರು ಇದಕ್ಕೆ ಶಕ್ತಿಯ ಕೊಯ್ಲು ಎಂದು ಹೆಸರಿಟ್ಟಿದ್ದಾರೆ. ಕೊಯ್ಲು ದೊಡ್ಡ ಮಾತಾಯಿತು. ಇದು ಹಕ್ಕಲೇ.

ನಾಲೆಯಾಚೆಯ ಕೇರಿಯಿಂದ ಬರುತ್ತಿದ್ದ ಒಬ್ಬ ಗೆಳೆಯನಿದ್ದ. ಅವರ ಕೇರಿಗೆ ಆಗಿನ್ನೂ ಕರೆಂಟ್ ಬಂದಿರಲಿಲ್ಲ. ಮನೆಯಲ್ಲಿ ರೇಡಿಯೊ ಇತ್ತು, ಸೆಲ್ ಹಾಕಿಸಲು ದುಡ್ಡಿರುತ್ತಿರಲಿಲ್ಲ. ಮುಗಿದ ಸೆಲ್ಲುಗಳನ್ನು ಬಿಸಿಲಿಗಿಟ್ಟು, ಒಲೆಯ ಪಕ್ಕ ಇಟ್ಟು, ಇನ್ನರ್ಧ ಗಂಟೆ ಹಾಡಿಸುತ್ತಿದ್ದರು. ಇದನ್ನು ತಿಳಿದ ಮೇಷ್ಟ್ರು ಆ ಪೆಟ್ಟಿಗೆಯನ್ನು ವಾರಕ್ಕೊಬ್ಬರಂತೆ ಮನೆಗೆ ಒಯ್ಯಲು ಬಿಟ್ಟರು. ಅವನ ಪಾಳಿ ಮಾತ್ರ ಯಾಕೋ ಬೇಗ ಬೇಗ ಬರುತ್ತಿತ್ತು. ನಾವು ಯಾರೂ ತಕರಾರು ಮಾಡಲಿಲ್ಲ. ಅವರಜ್ಜಿ ಸಂಜೆಯ ಕೃಷಿರಂಗ ಕೇಳಿ, ಹೆಡ್‌ಫೋನ್ ತೆಗೆದು ಮನೆಯವರಿಗೆಲ್ಲ ತಾವೇ ವರದಿ ಒಪ್ಪಿಸುತ್ತಿದ್ದರಂತೆ.

ಈ ಪೆಟ್ಟಿಗೆಯ ವಂಶಾವಳಿ ಹಳೆಯದು. ಕೆಲವು ಖನಿಜದ ಹರಳುಗಳಿಗೆ ಲೋಹದ ಮೊನೆ ತಾಗಿಸಿದರೆ ವಿದ್ಯುತ್ತು ಒಂದು ದಿಕ್ಕಿನಲ್ಲಿ ಸಲೀಸಾಗಿ, ಇನ್ನೊಂದು ದಿಕ್ಕಿನಲ್ಲಿ ಕಷ್ಟದಿಂದ ಹರಿಯುತ್ತದೆ ಎಂದು ಜರ್ಮನಿಯ ಫರ್ಡಿನಾಂಡ್ ಬ್ರೌನ್ 1874ರಲ್ಲೇ ಗಮನಿಸಿದ್ದರು. ಅದರಿಂದ ಏನು ಪ್ರಯೋಜನ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ, ಯಾಕೆಂದರೆ ಹಿಡಿಯಲು ರೇಡಿಯೊ ಅಲೆಯೇ ಇರಲಿಲ್ಲ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು ಅದನ್ನು ರೇಡಿಯೊ ಅಲೆ ಗುರುತಿಸಲು ಬಳಸಿದರು. ಸೀಸದ ಅದಿರಾದ ಗೆಲೀನಾ ಹರಳಿನ ಅವರ ಸಾಧನಕ್ಕೆ 1901ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಅರ್ಜಿ ಹೋಯಿತು, 1904ರಲ್ಲಿ ಮಂಜೂರಾಯಿತು. ಅರೆವಾಹಕ ಸಾಧನವೊಂದಕ್ಕೆ ಸಿಕ್ಕ ಮೊದಲ ಪೇಟೆಂಟ್ ಅದೆಂದು ಇಂದು ಚರಿತ್ರಕಾರರು ಹೇಳುತ್ತಾರೆ. ಪೇಟೆಂಟಿನಿಂದ ಹಣ ಮಾಡುವುದರಲ್ಲಿ ಬೋಸರಿಗೆ ಒಲವಿರಲಿಲ್ಲ. ನಾವು ಎಂಟನೇ ತರಗತಿಯಲ್ಲಿ ಬೋಸರನ್ನು ಗಿಡಗಳಿಗೂ ಜೀವವಿದೆ ಎಂದು ತೋರಿಸಿದವರು ಎಂದಷ್ಟೇ ಓದಿದ್ದೆವು. ನಮ್ಮ ಪೆಟ್ಟಿಗೆಯೊಳಗೆ ಅವರ ಕೈಕೆಲಸದ ಮೊಮ್ಮಗ ಕೂತಿದ್ದಾನೆ ಎಂದು ಹೇಳಿದ್ದು ಮೇಷ್ಟ್ರೇ.

1920ರ ದಶಕದಲ್ಲಿ ಯುರೋಪು ಅಮೆರಿಕಗಳಲ್ಲಿ ಪ್ರಸಾರ ಶುರುವಾದಾಗ ಬಹಳ ಮನೆಗಳಿಗೆ ಮೊದಲು ಬಂದದ್ದು ಇಂಥ ಹರಳಿನ ರೇಡಿಯೊಗಳೇ. ಹರಳಿನ ಮೇಲೆ ಬೆಕ್ಕಿನ ಮೀಸೆಯಂಥ ಸಣ್ಣ ತಂತಿಯನ್ನು ಅಲ್ಲಿ ಇಲ್ಲಿ ತಾಗಿಸುತ್ತ, ದನಿ ಬರುವ ಜಾಗ ಹುಡುಕಬೇಕಿತ್ತು. ಯಾರಾದರೂ ಕೆಮ್ಮಿದರೆ ತಂತಿ ಜಾರಿ ನಿಲಯ ಮಾಯ! ನಮ್ಮ ಕಾಲಕ್ಕೆ ಅದರ ಬದಲು ಜರ್ಮೇನಿಯಂ ಡಯೋಡ್ ಬಂದಿದ್ದರಿಂದ ನಮಗೆ ಆ ಪಾಡಿರಲಿಲ್ಲ. ಬೆಂಗಳೂರಿನ ಬಿಇಎಲ್ 1962ರಿಂದಲೇ ಜರ್ಮೇನಿಯಂ ಸಾಧನಗಳನ್ನು ತಯಾರಿಸುತ್ತಿತ್ತು. ಕನ್ನಡ ನಾಡಿನ ಪ್ರಸಾರದ ಮೊದಲ ದನಿಯೂ ಸಣ್ಣದೇ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆರಂಭಿಸಿದ ಕೇಂದ್ರದ ಶಕ್ತಿ ಬರೀ 30 ವ್ಯಾಟ್. ಆಕಾಶವಾಣಿ ಎಂಬ ಹೆಸರು ಮೆರೆದದ್ದು ಆ ಮನೆಯಿಂದ. ಭದ್ರಾವತಿ ಕೇಂದ್ರ ಬಂದದ್ದು ಮೂರು ದಶಕಗಳ ಮೇಲೆ, 1965ರಲ್ಲಿ.

ಸೆಲ್ ಬೇಡದ ರೇಡಿಯೊಗೆ ಯುದ್ಧದಲ್ಲಿ ಇನ್ನೊಂದು ಬೆಲೆ ಬಂತು. 1944ರಲ್ಲಿ ಇಟಲಿಯ ಆಂಝಿಯೊ ದಡದಲ್ಲಿ ಗುಂಡಿ ತೋಡಿಕೊಂಡು ಕೂತಿದ್ದ ಅಮೆರಿಕದ ಸೈನಿಕರು ಹರಳೂ ಸಿಗದೆ, ಕ್ಷೌರದ ಬ್ಲೇಡಿನ ಮೇಲೆ ಪೆನ್ಸಿಲ್ ಸೀಸವನ್ನು ಸೇಫ್ಟಿ ಪಿನ್ನಿನಿಂದ ಒತ್ತಿ ಹಿಡಿದು ರೇಡಿಯೊ ಮಾಡಿಕೊಂಡರು. ಬ್ಲೇಡಿನ ಮೇಲಿನ ತೆಳುವಾದ ಆಕ್ಸೈಡ್ ಪದರವೇ ಹರಳಿನ ಕೆಲಸ ಮಾಡುತ್ತಿತ್ತು. ಆ ಕಾಲದ ಕೆಲವು ವಾಲ್ವ್ ರೇಡಿಯೊಗಳು ತಾವೂ ಸಣ್ಣದಾಗಿ ಅಲೆ ಹೊರಸೂಸುತ್ತಿದ್ದವು. ಶತ್ರು ಅದರ ಜಾಡು ಹಿಡಿಯಬಹುದು ಎಂಬ ಅಂಜಿಕೆ ಇತ್ತು. ಬ್ಲೇಡಿನ ರೇಡಿಯೊ ಏನನ್ನೂ ಕಳಿಸುವುದಿಲ್ಲ, ಬಂದದ್ದನ್ನು ತೆಗೆದುಕೊಳ್ಳುತ್ತದೆ ಅಷ್ಟೆ.

ಇಷ್ಟು ಒಳ್ಳೆಯದಾದರೆ ಎಲ್ಲರೂ ಅದನ್ನೇ ಯಾಕೆ ಇಟ್ಟುಕೊಳ್ಳಲಿಲ್ಲ? ಒಬ್ಬರ ಕಿವಿಗೆ ಮಾತ್ರ ಕೇಳುತ್ತದೆ, ಹತ್ತಿರದ ಬಲವಾದ ಕೇಂದ್ರ ಮಾತ್ರ ಸಿಗುತ್ತದೆ, ಅದಕ್ಕೆ. ಮನೆಮಂದಿಯೆಲ್ಲ ಕೂತು ಕೇಳಬೇಕೆಂದರೆ ದನಿಯನ್ನು ಹಿಗ್ಗಿಸಬೇಕು. ಹಿಗ್ಗಿಸಲು ವಾಲ್ವ್ ಬೇಕು. ವಾಲ್ವ್ ಎಂದರೆ ಗಾಜಿನ ಬುರುಡೆ. ಅದರೊಳಗಿನ ತಂತಿ ಕಾದರೆ ಮಾತ್ರ ಕೆಲಸ. ಹಾಡು ಕೇಳುವುದಕ್ಕಿಂತ ಹೆಚ್ಚು ಶಕ್ತಿ ಬುರುಡೆ ಕಾಯಿಸುವುದಕ್ಕೇ ಹೋಗುತ್ತಿತ್ತು. ಕರೆಂಟ್ ಇಲ್ಲದ ಹಳ್ಳಿಗೆ ಇದು ದೊಡ್ಡ ಅಡ್ಡಿ.

ಆ ಅಡ್ಡಿಯನ್ನು ಸೋವಿಯತ್ ರಷ್ಯಾದವರು ದಾಟಿದ ರೀತಿ ನನಗೆ ಬಹಳ ಇಷ್ಟ. ಎರಡು ಬೇರೆ ಲೋಹಗಳ ತುದಿ ಕೂಡಿಸಿ ಒಂದು ಕಡೆ ಕಾಯಿಸಿ ಇನ್ನೊಂದು ಕಡೆ ತಣ್ಣಗಿಟ್ಟರೆ ವಿದ್ಯುತ್ತು ಹುಟ್ಟುತ್ತದೆ. ಇದನ್ನು 1821ರಲ್ಲಿ ಸೀಬೆಕ್ ಕಂಡುಹಿಡಿದಿದ್ದರು. ಒಂದು ಜೋಡಿಯಿಂದ ಬರುವುದು ತೀರಾ ಕಡಿಮೆ, ಹಾಗಾಗಿ ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಬಹುಮಟ್ಟಿಗೆ ಕುಲುಮೆಯ ಕಾವು ಅಳೆಯುವ ಉಪಕರಣವಾಗಿ ಉಳಿಯಿತು. ಲೆನಿನ್‌ಗ್ರಾಡಿನ ಅಬ್ರಾಮ್ ಇಯೊಫೆ ಎಂಬ ಭೌತವಿಜ್ಞಾನಿ ಅರೆವಾಹಕ ವಸ್ತುಗಳನ್ನು ಬಳಸಿದರೆ ಇದು ಸುಧಾರಿಸುತ್ತದೆ ಎಂದು ಹಟ ಹಿಡಿದರು. ಎರಡನೆಯ ಮಹಾಯುದ್ಧದಲ್ಲಿ ಕಾಡು ಸೇರಿದ್ದ ಗೆರಿಲ್ಲಾ ಪಡೆಗಳಿಗೆ ಅವರ ಬಳಗ ಒಂದು ಪಾತ್ರೆ ಮಾಡಿಕೊಟ್ಟಿತು. ನೀರು ತುಂಬಿ ಬೆಂಕಿಯ ಮೇಲಿಟ್ಟರೆ ಪಾತ್ರೆಯ ತಳದಲ್ಲಿದ್ದ ಜೋಡಿಗಳು ವಿದ್ಯುತ್ತು ಕೊಡುತ್ತಿದ್ದವು, ಅದರಿಂದ ರೇಡಿಯೊ ನಡೆಯುತ್ತಿತ್ತು. ಹೊರಗೆ ಬೆಂಕಿಯ ಬಿಸಿ, ಒಳಗೆ ಕುದಿಯುವ ನೀರು. ಬೆಂಕಿಯ ಮುಂದೆ ಕುದಿನೀರೂ ತಣ್ಣಗೇ ಅಲ್ಲವೇ!

ಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ, ಅದೇ ಪಾತ್ರೆಯ ತಮ್ಮ ಸೀಮೆಎಣ್ಣೆ ದೀಪದ ತಲೆ ಏರಿದ. ಸಾಧಾರಣ ಸೀಮೆಎಣ್ಣೆ ದೀಪ. ಅದರ ಗಾಜಿನ ಮೇಲೆ ಲೋಹದ ರೆಕ್ಕೆಗಳಿದ್ದ ಕಿರೀಟದಂಥ ಒಂದು ಸಾಧನ. ಒಳಗಡೆ ದೀಪದ ಬಿಸಿಗಾಳಿ, ಹೊರಗಡೆ ರೆಕ್ಕೆಗಳನ್ನು ತಣಿಸುವ ಕೋಣೆಯ ಗಾಳಿ. ಸಿಗುತ್ತಿದ್ದದ್ದು ಸುಮಾರು 3 ವ್ಯಾಟ್. ಹಳ್ಳಿಗಳಿಗೆಂದೇ ಮಾಡಿದ್ದ ವಾಲ್ವ್ ರೇಡಿಯೊ ಅಷ್ಟರಲ್ಲಿ ನಡೆಯುತ್ತಿತ್ತು. ದೀಪವನ್ನು ಹೇಗೂ ಹಚ್ಚಲೇಬೇಕು, ಅದರ ಬಿಸಿ ಹೇಗೂ ಮಾಡಿಗೆ ಹೋಗುತ್ತದೆ. ಹೋಗುವುದರಲ್ಲಿ ಒಂದು ಪಾಲು ಹಿಡಿದುಕೊಂಡರು. ಸಂಜೆ ಒಂದೇ ದೀಪದಲ್ಲಿ ಓದು, ಬೆಳಕು, ವಾರ್ತೆ. ನಮ್ಮ ನಾಲೆಯಾಚೆಯ ಕೇರಿಯಲ್ಲೂ ಬುಡ್ಡಿ ದೀಪ, ಲಾಂದ್ರಗಳ ಬಿಸಿ ಎಷ್ಟು ವರ್ಷ ಸುಮ್ಮನೆ ಮಾಡು ಸೇರಿತೋ.

ಅದೇ ಮಾಸ್ಕೋದಲ್ಲಿ ಇದೇ ವಿದ್ಯೆಯ ಕಳ್ಳ ಮುಖವೂ ಬಯಲಾಯಿತು. 1945ರಲ್ಲಿ ಅಲ್ಲಿನ ಶಾಲಾ ಮಕ್ಕಳ ತಂಡವೊಂದು ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯನ್ನು ಕಾಣಿಕೆಯಾಗಿ ಕೊಟ್ಟಿತು. ರಾಯಭಾರಿ ಅದನ್ನು ಪ್ರೀತಿಯಿಂದ ಮನೆಯ ಕೋಣೆಯಲ್ಲಿ ತೂಗುಹಾಕಿಕೊಂಡರು. ಏಳು ವರ್ಷ ಅದು ಅಲ್ಲೇ ಇತ್ತು. 1952ರಲ್ಲಿ ಬಿಚ್ಚಿ ನೋಡಿದರೆ ಒಳಗೊಂದು ಲೋಹದ ಸಣ್ಣ ಡಬ್ಬಿ, ಅದಕ್ಕೊಂದು ತೆಳು ಪೊರೆ, ಒಂದು ಕಡ್ಡಿ. ಸೆಲ್ ಇಲ್ಲ, ವೈರ್ ಇಲ್ಲ. ಹೊರಗೆ ದೂರದಿಂದ ರೇಡಿಯೊ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ. ಕೋಣೆಯಲ್ಲಿ ಆಡಿದ ಮಾತಿಗೆ ಪೊರೆ ಅದುರುತ್ತಿತ್ತು, ಅದುರಿದಂತೆ ತಿರುಗಿ ಹೋಗುವ ಅಲೆಯೂ ಬದಲಾಗುತ್ತಿತ್ತು. ಅಲೆ ನಿಲ್ಲಿಸಿದರೆ ಅದು ಬರೀ ಮರದ ತುಂಡು. ಅಷ್ಟು ವರ್ಷ ಸಿಕ್ಕಿಬೀಳದಿದ್ದುದಕ್ಕೆ ಅದೇ ಕಾರಣ. ಇದನ್ನು ಮಾಡಿದ್ದು ಲಿಯೊನ್ ತೆರೆಮಿನ್, ಮುಟ್ಟದೆ ನುಡಿಸುವ ವಿದ್ಯುತ್ ವಾದ್ಯ ಮಾಡಿ ಹೆಸರಾಗಿದ್ದವರು. ಕಾಣಿಕೆ ಹೊತ್ತು ಹೋದ ಆ ಮಕ್ಕಳಿಗೆ ಒಳಗೇನಿದೆ ಎಂದು ಗೊತ್ತಿದ್ದಿರಲಾರದು ಎಂದೇ ನಾನು ನಂಬಿದ್ದೇನೆ.

ಇಲ್ಲಿಯವರೆಗಿನ ಕಥೆಯಲ್ಲಿ ಸಿಗುವ ಶಕ್ತಿಯನ್ನು ಹೆಚ್ಚಿಸುವ ಪ್ರಯತ್ನವೇ ಹೆಚ್ಚು. ತಿರುವು ಬಂದದ್ದು ಬೇಡಿಕೆ ಇಳಿದಾಗ. ನಮ್ಮ ಮೇಷ್ಟ್ರು ಲೆಕ್ಕ ಬಿಡಿಸುವಾಗಲೂ ಹೇಳುತ್ತಿದ್ದ ಮಾತು, "ಎಷ್ಟು ಸಿಗುತ್ತೆ ಅಂತ ಆಮೇಲೆ ನೋಡೋಣ, ಮೊದಲು ಎಷ್ಟು ಬೇಕು ಅಂತ ಬರೀರಿ." 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಕಾಯಬೇಕಾದ ಬುರುಡೆ ಹೋಯಿತು. 1954ರಲ್ಲಿ ಟ್ರಾನ್ಸಿಸ್ಟರ್ ರೇಡಿಯೊ ಅಂಗಡಿಗೆ ಬಂತು. ಅದೇ ವರ್ಷ ಏಪ್ರಿಲ್‌ನಲ್ಲಿ, ಅದೇ ಬೆಲ್ ಪ್ರಯೋಗಾಲಯದವರು ಸಿಲಿಕಾನ್ ಸೌರಕೋಶವನ್ನೂ ಜನರಿಗೆ ತೋರಿಸಿದರು. ಅದರ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 6 ಪಾಲು ವಿದ್ಯುತ್ತಾಗುತ್ತಿತ್ತು. ಕೇಳುವವನ ಹೊಟ್ಟೆ ಸಣ್ಣದಾದದ್ದು, ಕೊಡುವವನ ಕೈ ಕೊಂಚ ಉದ್ದವಾದದ್ದು ಒಂದೇ ಕಾಲಕ್ಕೆ. ಮರುವರ್ಷ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನ ಹಳ್ಳಿ ದೂರವಾಣಿ ತಂತಿಯೊಂದಕ್ಕೆ ಸೌರಕೋಶ ಹಾಕಿ ನೋಡಿದರು. ಕೆಲಸ ಮಾಡಿತು, ಆದರೆ ಆಗಿನ ಬೆಲೆಗೆ ಅದು ಹಳ್ಳಿಯ ವಸ್ತುವಾಗಿರಲಿಲ್ಲ.

ಬೆಲೆ ಲೆಕ್ಕಕ್ಕೇ ಬಾರದ ಒಂದು ಜಾಗವಿತ್ತು, ಆಕಾಶ. 1958ರ ಮಾರ್ಚ್ 17ರಂದು ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್ 1 ಎಂಬ ಉಪಗ್ರಹ ಒಂದೂವರೆ ಕಿಲೋ ತೂಕದ ಚೆಂಡು. ಅದರಲ್ಲಿ ಎರಡು ರೇಡಿಯೊ ಇದ್ದವು. 10 ಮಿಲಿವ್ಯಾಟಿನ ಒಂದು ಬ್ಯಾಟರಿಯಿಂದ ನಡೆಯುತ್ತಿತ್ತು. 5 ಮಿಲಿವ್ಯಾಟಿನ ಇನ್ನೊಂದಕ್ಕೆ ಆರು ಸೌರಕೋಶಗಳು. ಬ್ಯಾಟರಿಯದ್ದು ಅದೇ ಜೂನ್ ತಿಂಗಳಲ್ಲಿ ಮೌನವಾಯಿತು. ಅದರ ಅರ್ಧ ಶಕ್ತಿಯ ಬಿಸಿಲಿನ ರೇಡಿಯೊ 1964ರ ಮೇ ತಿಂಗಳವರೆಗೆ, ಆರು ವರ್ಷ, ಭೂಮಿಗೆ ಸುದ್ದಿ ಕಳಿಸುತ್ತಲೇ ಇತ್ತು. ಮಾತು ನಿಂತರೂ ಆ ಚೆಂಡು ಇಂದಿಗೂ ಮೇಲೆ ಸುತ್ತುತ್ತಿದೆ. ನಮ್ಮ ಶಾಲೆ ಆರಂಭವಾದ 1975ರಲ್ಲೇ, ಏಪ್ರಿಲ್ 19ರಂದು, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಅದರ ಮೈಮೇಲೂ ಸೌರಕೋಶಗಳೇ. ವಿದ್ಯುತ್ ಪೂರೈಕೆ ಕೈಕೊಟ್ಟು ಅದರ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು ಎಂಬುದನ್ನೂ ಹೇಳಬೇಕು. ಆದರೆ ಆ ಶೆಡ್ಡುಗಳಿಂದ ಮುಂದೆ ಏನೇನು ಬಂತು ಎಂಬುದು ಎಲ್ಲರಿಗೂ ಗೊತ್ತು.

ಊರಿಗೆ ವಾಪಸ್ ಬರೋಣ. ನಾವು ಕಂಡ ಅತಿ ದೊಡ್ಡ ಹಕ್ಕಲು ಯಂತ್ರ ಸೈಕಲ್ಲಿನ ಡೈನಮೊ. 6 ವೋಲ್ಟ್, 3 ವ್ಯಾಟ್. ರಷ್ಯಾದ ದೀಪದಷ್ಟೇ! 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ವ, ಟೈರಿಗೆ ಉಜ್ಜಿಕೊಂಡು ಗುಂಯ್ ಎನ್ನುತ್ತಿತ್ತು. ರಾತ್ರಿ ದೀಪವಿಲ್ಲದೆ ಪೇಟೆಯಲ್ಲಿ ಸಿಕ್ಕಿಬಿದ್ದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದ ಕಾಲ. ಡೈನಮೊ ಒತ್ತಿದೊಡನೆ ಪೆಡಲ್ ಭಾರವಾಗುತ್ತಿದ್ದದ್ದು ತುಳಿದವರಿಗೆಲ್ಲ ಗೊತ್ತು. ಬಿಟ್ಟಿ ವಿದ್ಯುತ್ತು ಎಂಬುದಿಲ್ಲ ಎನ್ನುವ ಪಾಠವನ್ನು ಪುಸ್ತಕಕ್ಕಿಂತ ಮೊದಲು ನಮ್ಮ ತೊಡೆಗಳು ಕಲಿತವು.

ಕೈಗಡಿಯಾರದ ಕಥೆಯೂ ಇದೇ ಬಗೆಯದು. ಕೈ ಅಲುಗಿದಂತೆ ತಾನೇ ಕೀ ಕೊಟ್ಟುಕೊಳ್ಳುವ ಆಟೊಮ್ಯಾಟಿಕ್ ಗಡಿಯಾರವನ್ನು 1920ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಹಾರ್ವುಡ್ ಕೈಗೆ ತಂದರು. ನಮ್ಮಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಬಂತು. ಮದುವೆಗೆ ಎಚ್‌ಎಂಟಿ ವಾಚು ಕೇಳದ ಬೀಗರಿರಲಿಲ್ಲ. ಅವರ ಆಟೊಮ್ಯಾಟಿಕ್ ಮಾದರಿಯಾದ ಕಾಂಚನ್ ನಮ್ಮ ಮುಖ್ಯೋಪಾಧ್ಯಾಯರ ಕೈಯಲ್ಲಿತ್ತು. ಬೇಸಿಗೆ ರಜೆಯಲ್ಲಿ ಮೇಜಿನ ಮೇಲಿಟ್ಟರೆ ನಿಂತುಹೋಗುತ್ತದೆ, ಪಾಠ ಮಾಡುವಾಗ ಸರಿಯಾಗಿ ನಡೆಯುತ್ತದೆ ಎಂದು ಅವರು ಹೇಳಿದ್ದನ್ನು ನಾವು ಬಹಳ ದಿನ ಹೇಳಿಕೊಂಡು ನಕ್ಕಿದ್ದೆವು. 1988ರಲ್ಲಿ ಜಪಾನಿನ ಸೈಕೊ ಕಂಪನಿ ಅದೇ ಕೈಯಲುಗಾಟದಿಂದ ಪುಟ್ಟ ಜನರೇಟರ್ ತಿರುಗಿಸಿ ಕ್ವಾರ್ಟ್ಜ್ ಗಡಿಯಾರ ನಡೆಸಿತು.

ಕ್ಯಾಲ್ಕುಲೇಟರಿನದ್ದು ಬೇಡಿಕೆ ಇಳಿದ ಕಥೆಗೆ ಅತ್ಯುತ್ತಮ ಉದಾಹರಣೆ. ಮೊದಲಿನವುಗಳಲ್ಲಿ ಅಂಕಿಗಳು ತಾವೇ ಬೆಳಗುತ್ತಿದ್ದವು, ಬ್ಯಾಟರಿಯನ್ನು ಕುಡಿದುಬಿಡುತ್ತಿದ್ದವು. 1973ರಲ್ಲಿ ಜಪಾನಿನ ಶಾರ್ಪ್ ಕಂಪನಿ ತಾವೇ ಬೆಳಗದ ಎಲ್‌ಸಿಡಿ ಅಂಕಿಗಳನ್ನು ಹಾಕಿತು. ಒಂದೇ ಪೆನ್ ಸೆಲ್ಲಿನಲ್ಲಿ 100 ಗಂಟೆ ನಡೆಯಿತು. ಮೂರೇ ವರ್ಷಕ್ಕೆ, 1976ರಲ್ಲಿ, ಅದೇ ಕಂಪನಿ ಸೌರಕೋಶದ ಕ್ಯಾಲ್ಕುಲೇಟರ್ ತಂದಿತು. ಆ ಮೂರು ವರ್ಷದಲ್ಲಿ ಬಿಸಿಲೇನೂ ಜಾಸ್ತಿಯಾಗಿರಲಿಲ್ಲ. ಮುಂದೆ ಟ್ಯೂಬ್‌ಲೈಟಿನ ಬೆಳಕೇ ಸಾಕಾಗುವಂಥವು ಬಂದವು. ಊರಿನ ಒಬ್ಬರ ಅಳಿಯ ಗಲ್ಫ್‌ನಿಂದ ತಂದ ಅಂಥದೊಂದನ್ನು ನಾವು ಬೆರಳಿನಿಂದ ಮುಚ್ಚಿ, ಅಂಕಿ ಮಾಸುವುದನ್ನು ನೋಡಿ, ತೆಗೆದು, ಮತ್ತೆ ಮುಚ್ಚಿ, ಕೊನೆಗೆ ಅವರಿಂದ ಬೈಸಿಕೊಂಡೆವು.

ನಾನು ಮುಂದೆ ದೂರವಾಣಿ ಇಲಾಖೆಗೆ ಸೇರಿದೆ. ಊರಿಗೆಲ್ಲ ಕರೆಂಟ್ ಹೋದಾಗಲೂ ಮನೆಯ ಹಳೆಯ ಫೋನು ಕೆಲಸ ಮಾಡುತ್ತಿತ್ತು, ನೆನಪಿದೆಯೇ? ಎಕ್ಸ್‌ಚೇಂಜಿನ ದೊಡ್ಡ ಬ್ಯಾಟರಿಗಳ 48 ವೋಲ್ಟ್ ಅದೇ ಜೋಡಿ ತಂತಿಯಲ್ಲಿ ಮನೆಗೆ ಬರುತ್ತಿತ್ತು. ಸೆಲ್ ಎಕ್ಸ್‌ಚೇಂಜಿನಲ್ಲಿದೆ, ಅವರೇ ಕಳಿಸುತ್ತಾರೆ! ಕೆಲಸಕ್ಕೆ ಸೇರಿದ ಮೊದಲ ವಾರ ಇದನ್ನು ಕಲಿತಾಗ ಮೇಷ್ಟ್ರ ಮಾತು ಕಿವಿಯಲ್ಲಿ ಕೇಳಿದಂತಾಯಿತು.

ಬಡವರ ರೇಡಿಯೊದ ಪ್ರಶ್ನೆ ಮಾತ್ರ 1990ರ ದಶಕದಲ್ಲೂ ಹಾಗೆಯೇ ಇತ್ತು. ಇಂಗ್ಲೆಂಡಿನ ಟ್ರೆವರ್ ಬೇಲಿಸ್ 1991ರಲ್ಲಿ ಆಫ್ರಿಕಾದ ಏಡ್ಸ್ ಕುರಿತ ಟಿವಿ ಕಾರ್ಯಕ್ರಮ ನೋಡುತ್ತಿದ್ದರು. ಹಳ್ಳಿಯವರಿಗೆ ತಿಳಿವಳಿಕೆ ಮುಟ್ಟಿಸಲು ರೇಡಿಯೊ ಬೇಕು, ಆದರೆ ಸೆಲ್ ಕೊಳ್ಳುವ ಶಕ್ತಿ ಅವರಿಗಿಲ್ಲ ಎಂದು ಅದರಲ್ಲಿ ಹೇಳಿದರು. ಬೇಲಿಸ್ ಎದ್ದು ತಮ್ಮ ಶೆಡ್ಡಿಗೆ ಹೋದರು. ಸ್ಪ್ರಿಂಗಿಗೆ ಕೀ ಕೊಟ್ಟು ಅದು ಬಿಚ್ಚಿಕೊಳ್ಳುವಾಗ ಪುಟ್ಟ ಡೈನಮೊ ತಿರುಗುವಂತೆ ಮಾಡಿದರು. ಮೊದಲ ಮಾದರಿ 14 ನಿಮಿಷ ಹಾಡಿತು. ಬಹಳ ಕಂಪನಿಗಳು ಬೇಡವೆಂದವು. ಕೊನೆಗೆ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಕಾರ್ಖಾನೆಯಲ್ಲಿ, ಅಂಗವಿಕಲರೂ ದುಡಿಯುತ್ತಿದ್ದ ಕಡೆ, ಫ್ರೀಪ್ಲೇ ಎಂಬ ಹೆಸರಿನಲ್ಲಿ ಅದು ತಯಾರಾಯಿತು. ನೆಲ್ಸನ್ ಮಂಡೇಲಾ ಅದನ್ನು ಮೆಚ್ಚಿದರು. ತಮ್ಮ ಕಲ್ಪನೆಯಿಂದ ತಮಗೆ ಸಿಕ್ಕ ಹಣ ಬಹಳ ಕಡಿಮೆ ಎಂದು ಬೇಲಿಸ್ 2018ರಲ್ಲಿ ತೀರಿಕೊಳ್ಳುವ ತನಕ ನೊಂದು ಹೇಳುತ್ತಿದ್ದರು. ಅವರ ನೋವು ನ್ಯಾಯವೆಂದೇ ನನಗೆ ಅನಿಸುತ್ತದೆ. ಬೋಸರಂತೆ ಎಲ್ಲರೂ ಪೇಟೆಂಟಿಗೆ ಬೆನ್ನು ತಿರುಗಿಸಬೇಕೆಂದು ಕೇಳುವುದು ಸರಿಯಲ್ಲ.

ಈಗ ನಮ್ಮ ಮರದ ಪೆಟ್ಟಿಗೆಯ ಇಂದಿನ ರೂಪಕ್ಕೆ ಬರುತ್ತೇನೆ. ಹೆದ್ದಾರಿಯ ಟೋಲ್ ಗೇಟಿನಲ್ಲಿ ಕಾರು ನಿಲ್ಲುತ್ತದೆ, ಗಾಜಿನ ಮೇಲೆ ಅಂಟಿಸಿದ ಫಾಸ್ಟ್ಯಾಗ್ ಓದಿಕೊಂಡು ಗೇಟು ಏಳುತ್ತದೆ. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಇದು ಕಡ್ಡಾಯವಾಯಿತು. ಆ ಚೀಟಿಯಲ್ಲಿ ಸೆಲ್ ಇಲ್ಲ. ಗೇಟಿನ ಮೇಲಿನ ಯಂತ್ರ ಬಿಡುವ ರೇಡಿಯೊ ಅಲೆಯಿಂದ ಚೀಟಿಯ ತೆಳು ಆಂಟೆನಾ ಮೈಕ್ರೋವ್ಯಾಟ್‌ಗಳಷ್ಟು ಶಕ್ತಿ ಹೆಕ್ಕುತ್ತದೆ. ಅಷ್ಟರಲ್ಲೇ ಸಾಸಿವೆಗಿಂತ ಸಣ್ಣ ಚಿಪ್ ಎಚ್ಚರಗೊಂಡು, ತನ್ನ ಸಂಖ್ಯೆಯನ್ನು ತಿರುಗಿ ಹೋಗುವ ಅಲೆಯ ಮೇಲೆ ಬರೆದು ಕಳಿಸುತ್ತದೆ. ಶಕ್ತಿ ಹೆಕ್ಕುವುದು ನಮ್ಮ ಹುಣಸೇಮರದ ತಂತಿಯ ಕೆಲಸ, ಉತ್ತರ ಕೊಡುವುದು ಮಾಸ್ಕೋದ ರಾಜಮುದ್ರೆಯ ಕೆಲಸ. ತಿರುಗಿ ಬರುವ ಅಲೆಯ ಮೂಲಕ ಹೀಗೆ ಸಂಪರ್ಕ ಸಾಧ್ಯ ಎಂದು ಹ್ಯಾರಿ ಸ್ಟಾಕ್‌ಮನ್ 1948ರಲ್ಲಿ ಲೇಖನ ಬರೆದಿದ್ದರು. 1973ರಲ್ಲಿ ಮಾರಿಯೊ ಕಾರ್ಡುಲ್ಲೊ ಅವರಿಗೆ ಇಂಥ ಸಾಧನದ ಪೇಟೆಂಟ್ ಸಿಕ್ಕಿತು; ಅವರು ಸೂಚಿಸಿದ್ದ ಬಳಕೆಗಳಲ್ಲಿ ಟೋಲ್ ವಸೂಲಿಯೂ ಒಂದು. ಅದು ನಮ್ಮೂರ ರಸ್ತೆಗೆ ಬರಲು ಚಿಪ್ಪಿನ ಹಸಿವು ಇಳಿಯಬೇಕಿತ್ತು, ಬೆಲೆಯೂ. 2011ರಲ್ಲಿ ಶುರುವಾದ ಬೆಂಗಳೂರಿನ ಮೆಟ್ರೊದ ಪ್ಲಾಸ್ಟಿಕ್ ಟೋಕನ್ನಿನೊಳಗೂ ಇದೇ ಬಳಗದ ಚಿಪ್ ಇದೆ.

ಇದೇ ಸಂಭ್ರಮದಲ್ಲಿ ಬಹಳ ಪೊಳ್ಳು ಮಾತುಗಳೂ ಓಡಾಡುತ್ತವೆ. ಮಕ್ಕಳು ನಡೆಯುವ ನೆಲದಿಂದ ವಿದ್ಯುತ್ ತೆಗೆದು ಶಾಲೆಗೆಲ್ಲ ದೀಪ ಹಾಕಬಹುದು ಎಂಬ ವಿಡಿಯೊವನ್ನು ನಮ್ಮ ಹಳೆ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು ಹಾಕಿ, ಜುಬಿಲಿಗೆ ಇದನ್ನೇ ಮಾಡಿಸೋಣ ಎಂದಿದ್ದರು. ತತ್ವ ಸುಳ್ಳಲ್ಲ. ಹರಳನ್ನು ಒತ್ತಿದರೆ ವಿದ್ಯುತ್ತು ಬರುತ್ತದೆ ಎಂದು ಪ್ಯಾರಿಸಿನ ಕ್ಯೂರಿ ಸಹೋದರರು 1880ರಲ್ಲೇ ತೋರಿಸಿದ್ದಾರೆ. ಅಡುಗೆಮನೆಯ ಗ್ಯಾಸ್ ಲೈಟರಿನ ಟಿಕ್ ಅದೇ. ಆದರೆ ಮೇಷ್ಟ್ರ ರೀತಿ ಲೆಕ್ಕ ಹಾಕೋಣ. 40 ಕಿಲೋ ತೂಕದ ಹುಡುಗ ಕಾಲಿಟ್ಟಾಗ ನೆಲ ಅರ್ಧ ಸೆಂಟಿಮೀಟರ್ ತಗ್ಗಿದರೆ ಸಿಗುವುದು ಹೆಚ್ಚೆಂದರೆ 2 ಜೌಲ್. 300 ಮಕ್ಕಳು ತಲಾ 100 ಹೆಜ್ಜೆ ಇಟ್ಟರೆ 60,000 ಜೌಲ್. ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಚೂರೂ ಸೋರದೆ ಹಿಡಿದರೂ ಸಿಗುವುದು ಒಂದು ಯೂನಿಟ್ಟಿನ ಅರವತ್ತನೇ ಒಂದು ಪಾಲು. ಅದೇ 2 ಜೌಲ್, ಮೈಕ್ರೋವ್ಯಾಟ್‌ಗಳಲ್ಲಿ ಬದುಕುವ ಒಂದು ಪುಟ್ಟ ಸಾಧನಕ್ಕೆ ದಿನಗಟ್ಟಲೆಯ ಊಟ. ಬಾಗಿಲು ತೆರೆದಿದೆಯೇ, ಟ್ಯಾಂಕ್ ತುಂಬಿದೆಯೇ, ಮಣ್ಣಿನಲ್ಲಿ ತೇವವಿದೆಯೇ ಎಂದು ಆಗಾಗ ಒಂದು ಮಾತು ಹೇಳಿ ಮತ್ತೆ ಮಲಗುವ ಸಾಧನಗಳಿಗೆ ಹಕ್ಕಲು ಶಕ್ತಿ ತಕ್ಕದ್ದು. ಗೆಳೆಯರಿಗೆ ಇದನ್ನು ಬರೆದು ಕಳಿಸಿದೆ. ಆ ಹಣದಲ್ಲಿ ಮಾಡಿನ ಮೇಲೆ ಸೌರಫಲಕ ಹಾಕಿಸಿ, ಸೋರುವ ಹೆಂಚು ಬದಲಿಸಿ ಎಂದೂ ಸೇರಿಸಿದೆ. ಸ್ವಲ್ಪ ಬೇಜಾರಾದರು, ಒಪ್ಪಿದರು.

ಮರದ ಪೆಟ್ಟಿಗೆ ಈಗ ಇಲ್ಲ. ಯಾವಾಗಲೋ ಬೀರು ಖಾಲಿ ಮಾಡುವಾಗ ಗುಜರಿಗೆ ಹೋಯಿತಂತೆ. ಯಾರನ್ನೂ ದೂರುವಂತಿಲ್ಲ, ನೋಡಿದವರಿಗೆ ಅದು ತಂತಿ ಸುತ್ತಿದ ರಟ್ಟು. ಮೇಷ್ಟ್ರೂ ಈಗಿಲ್ಲ. ನಾಲೆಯಾಚೆಯ ಗೆಳೆಯ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ. ಹೋದ ವರ್ಷ ಸಿಕ್ಕಾಗ ಅವನೇ ಕೇಳಿದ, "ಆ ಸೆಲ್ ಇಲ್ದಿದ್ ರೇಡಿಯೊ ಐತಾ?" ಇಲ್ಲ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮ್ಮಜ್ಜಿ ಸಾಯೋ ಹಿಂದಿನ್ ವಾರ ಅದ್ರಾಗೆ ಹಾಡ್ ಕೇಳಿದ್ಲು" ಅಂದ. ನನಗೆ ಇದು ಗೊತ್ತೇ ಇರಲಿಲ್ಲ.

ಹಾಗಾಗಿ ಹೊಸದೊಂದು ಮಾಡಲು ಹೊರಟಿದ್ದೇನೆ. ರಟ್ಟಿನ ಕೊಳವೆ, ತಂತಿ, ಪೆಟ್ಟಿಗೆ ಸಿದ್ಧವಾಗಿವೆ. ಎಫ್ಎಂ ಇದರಲ್ಲಿ ಬರುವುದಿಲ್ಲ, ಮೀಡಿಯಂ ವೇವ್ ಪ್ರಸಾರ ಇರುವ ತನಕ ಮಾತ್ರ ಇದರ ಆಟ. ಹಳೆಯ ಗ್ಯಾಂಗ್ ಕಂಡೆನ್ಸರ್ ಮತ್ತು 2000 ಓಮ್‌ನ ಹಳೆಯ ಹೆಡ್‌ಫೋನ್ ಎಲ್ಲೂ ಸಿಗುತ್ತಿಲ್ಲ; ಮೊಬೈಲಿನ ಇಯರ್‌ಫೋನ್ ಇದಕ್ಕೆ ಆಗದು. ಯಾರ ಮನೆಯ ಅಟ್ಟದಲ್ಲಾದರೂ ಕೆಟ್ಟ ಹಳೇ ರೇಡಿಯೊ ಬಿದ್ದಿದ್ದರೆ ಎಸೆಯಬೇಡಿ. ಶಾಲೆಯ ಕಚೇರಿಯಲ್ಲಿ ಕೊಟ್ಟರೆ ನನಗೆ ಮುಟ್ಟುತ್ತದೆ. ಹುಣಸೇಮರ ಇನ್ನೂ ಇದೆ.